ಗಟಾರಕ್ಕ ಬ್ಯಾಂಡೇಜ್ ಕಟ್ಟಿ ಟೈಫಾಯ್ಡ್ ಹುಡುಕಿದ್ದು: ನನ್ನ ಅನುಭವ

ಹೊಲಸು ನೀರಾಗ ಟೈಫಾಯ್ಡ್ ಕೀಟಾಣು ಹುಡುಕಾಕ ಎಸ್‌ಟಿಪಿಯಿಂದ (ಹೊಲಸು ನೀರು ಶುದ್ಧ ಮಾಡೋ ಘಟಕ) ಒಂದು ಬಾಟ್ಲಿ ನೀರು ತಂದು ಪಿಸಿಆರ್ (ಡಿಎನ್ಎ ಹುಡುಕೋ ಟೆಸ್ಟ್) ಮಾಡಿ, ಇದೇ ಇಡೀ ಬಾಗಲಕೋಟಿ ರಿಪೋರ್ಟ್ ಅಂದ್ರ ನಾ ಒಪ್ಪಂಗಿಲ್ಲ. ಯುಜಿಡಿ (ಒಳಚರಂಡಿ) ಕನೆಕ್ಷನ್ ಇದ್ದ ಮನಿದಷ್ಟೇ ಅಲ್ಲಿ ಸೇರೋದು. ಗಟಾರದ ಓಣಿ ಮಂದಿ ಜ್ವರ ಬಂದ್ರ ಮೆಡಿಕಲ್ ಅಂಗಡ್ಯಾಗ ಗುಳಿಗಿ ತಗೊಂಡು ಸುಮ್ನಾಗತಾರ, ಟೈಫಾಯ್ಡ್ ಖಾತ್ರಿ ಮಾಡೋ ಬ್ಲಡ್ ಕಲ್ಚರ್ ಟೆಸ್ಟ್ ಯಾರು ಮಾಡಸ್ತಾರ್ರೀ? ಹಂಗಾಗಿ ಆಸ್ಪತ್ರಿ ಲೆಕ್ಕದಾಗೂ ಇಲ್ಲ, ಎಸ್‌ಟಿಪಿ ಲೆಕ್ಕದಾಗೂ ಇಲ್ಲ. ತೆರೆದ ಗಟಾರದಾಗೇ ಹುಡುಕ್ತೀನಿ ಅಂದಾಗ ಹಿರಿಯರೊಬ್ರು "ಹೆಂಡಿ ನೀರಾಗ ಏನ್ ಸಿಗತೈತೋ ತಮ್ಮಾ" ಅಂತ ನಕ್ಕಿದ್ರು.

ಮೊದ್ಲು ಗ್ರ್ಯಾಬ್ ಸ್ಯಾಂಪಲ್, ಅಂದ್ರ ಒಂದೇ ಸಲಕ್ಕ ಬಾಟ್ಲಿ ತುಂಬಿಕೊಂಡು ಬರೋದು. ನೂರು ಎಂಎಲ್ ಇಳಿಯೋದ್ರಾಗ ಫಿಲ್ಟರ್ ಕಟ್ಕೊಂಡು ಕುಂದರತಿತ್ತು, ಫಿಲ್ಟರ್ ಮೆಂಬ್ರೇನಿಗೇ 40 ಸಾವಿರದ ಹತ್ರ ಕೈಬಿಡ್ತು. ತಾನೇ ಆಗಾಗ ನೀರು ಹಿಡಿಯೋ ಆಟೋಸ್ಯಾಂಪ್ಲರ್ ಮಷಿನ್ ಕೊಟೇಶನ್ ನೋಡಿ ಹಂಗೇ ಮಡಚಿಟ್ಟೆ. ಕಡೀಕ ಮೂರ್ ಅನ್ನೋ ವಿಜ್ಞಾನಿ 1948ರಾಗ ಬಳಸಿದ ಮೂರ್ ಸ್ವ್ಯಾಬ್‌ಗೇ ಬಂದೆ, ಗಾಜ್ ಬ್ಯಾಂಡೇಜ್ ಸುತ್ತಿ ಎರಡ್ಮೂರು ದಿನ ನೀರಾಗ ಬಿಡೋದು, ಒಂದಕ್ಕ 15-20 ರೂಪಾಯಿ ಅಷ್ಟ, ವೆಲ್ಲೂರಿನ್ಯಾಗೂ ಟೈಫಾಯ್ಡಿಗೆ ಇದನ್ನ ಬಳಸ್ಯಾರ. ಆದ್ರ ಇಲ್ಲಿ ಕೆಲವನ್ನ ಹಂದಿ ಎಳಕೊಂಡು ಹೋದ್ವು, ಕೆಲವು ಹೂಳಿನ ಜೋಡಿ ಸಲಿಕಿಗೆ ಬಂದು ಹೋದ್ವು, ಉಳದವು ಒಣಗಿ ಸೆಟದು ನಿಂತಿದ್ವು. ನಳ ಬರೋದೇ ನಾಕೈದು ದಿನಕ್ಕೊಮ್ಮೆ, ಅವತ್ತಷ್ಟೇ ಗಟಾರ ಹರಿಯೋದು, ಉಳದ ದಿನ ಬರೇ ರಾಡಿ! ವಾಲ್ವ್‌ಮ್ಯಾನ್ ಅಣ್ಣನ ನಂಬರ್ ಇಸ್ಕೊಂಡು ನೀರು ಬಿಡೋ ಹಿಂದಿನ ರಾತ್ರಿ ಕಟ್ಟಾಕ ಹತ್ತಿದ ಮ್ಯಾಲೆ ಕೆಲಸ ಲೈನಿಗೆ ಬಂತು. ಹಂದಿಗೆ ಸಿಗಲಾರದಂಗ ಎಲ್ಲಿ, ಹೆಂಗ ಕಟ್ಟೋದು ಅನ್ನೋದು ಇಲ್ಲಿ ಬರೆಯಂಗಿಲ್ಲ, ಬಾಗಲಕೋಟಿಗೆ ಬಂದ್ರ ತೋರಸ್ತೀನಿ.

ಲ್ಯಾಬಿನಾಗ ರಾತ್ರಿಪೂರ್ತಿ ಎನ್‌ರಿಚ್‌ಮೆಂಟ್ (ಕೀಟಾಣು ಬೆಳಸೋದು), ಡಿಎನ್ಎ ಹತ್ತು ಪಟ್ಟು ಡೈಲ್ಯೂಟ್ (ಇಲ್ಲಾಂದ್ರ ರಾಡಿ ಪಿಸಿಆರ್ ಏಳಗೊಡಂಗಿಲ್ಲ), ಟಿಟಿಆರ್, ಸ್ಟಾಜಿ, ಟಿವಿಬಿ ಅನ್ನೋ ಮೂರು ಜೀನೂ ಎದ್ರಷ್ಟೇ ಪಾಸಿಟಿವ್. ಟಿವಿಬಿ ಒಂದೇ ನಂಬಬ್ಯಾಡ್ರಿ, ಸಿಟ್ರೊಬ್ಯಾಕ್ಟರ್ ಅನ್ನೋ ಬ್ಯಾರೆ ಕೀಟಾಣುವಿನ ಕೆಲವು ತಳಿಯಾಗೂ ಇರತೈತಿ. ಸ್ವ್ಯಾಬಿಗೆ ಎಲ್ಲಾ ಸೇರಿ 700ರ ಆಸುಪಾಸು ಬೀಳತೈತಿ. ಹೆಂಡಿ ಅಂದವರ ಸಲುವಾಗಿ ಎಚ್‌ಎಫ್183 ಟೆಸ್ಟ್ ಹಾಕಿದೆ, ಮನುಷ್ಯರ ಮಲದ ಗುರುತು ಚೊಲೋತ್ನಂಗ ಎದ್ದಿತು. ಖಾರದ ಮಂದಿ ನಾವು ಅಂತ ಖಾರ ತಿಂದವರ ಮಲದಾಗ ಬರೋ ಮೆಣಸಿನಕಾಯಿ ವೈರಸ್ಸನ್ನೂ ಅಳೆದೆ, ಗಟಾರಕ್ಕ ಮುಸುರಿ ನೀರೂ ಬರೋದ್ರಿಂದ ನಂಬರ್ ಮನಸಿಗೆ ಬಂದಂಗ ಕುಣೀತಿತ್ತು, ಬಿಟ್ಟೆ.

ಎರಡು ಓಣ್ಯಾಗ ಮ್ಯಾಲಿಂದ ಮ್ಯಾಲೆ ಪಾಸಿಟಿವ್ ಬಂತು, ಆಸ್ಪತ್ರಿ ಪಟ್ಟಿಯಾಗ ಆ ಓಣಿಯವರು ಒಬ್ರೂ ಇಲ್ಲ. ಆಶಾ ಅಕ್ಕಾರ ಜೋಡಿ ಹೋಗಿ ನೋಡಿದ್ರ ನಳದ ಪೈಪ್ ಗಟಾರದಾಗಿಂದನ ಹಾದೈತಿ, ಜಾಯಿಂಟ್ ಸೋರತೈತಿ, ನಳ ನಿಂತ ಕೂಡ್ಲೆ ಹೊಲಸು ನೀರು ಒಳಗ ಎಳಕೋತೈತಿ. ಆ ತುಂಡು ಬದಲಾದ ಮ್ಯಾಲೆ ಒಂದು ಓಣಿ ನೆಗೆಟಿವ್ ಆಗೈತಿ, ಇನ್ನೊಂದರಾಗ ಇನ್ನೂ ಆಗಾಗ ಏಳತೈತಿ. ಓಣಿ ಹೆಸರು ಕೇಳಬ್ಯಾಡ್ರಿ, ಹೆಸರು ಹೊರಗ ಬಂದ್ರ ಅಲ್ಲಿ ಹೆಣ್ಮಕ್ಕಳಿಗೆ ಮನಿಗೆಲಸ ಸಿಗಂಗಿಲ್ಲ. ವಾರ್ಡ್ ಆಫೀಸಿಗೆ ಅಷ್ಟೇ ಕೊಟ್ಟೀನಿ.