ಎಡಗಡೆ ಸ್ಟೀರಿಂಗಿನ ಎಂಜಿಬಿಯನ್ನು ಬಲಕ್ಕೆ ತರುವುದು

ಎಡಗಡೆ ಸ್ಟೀರಿಂಗಿನ ಹಳೆಯ ಸ್ಪೋರ್ಟ್ಸ್ ಕಾರಿಗೆ ಸ್ಪ್ಯಾನರ್ ಹಚ್ಚುವ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ: ಅದೇ ಮಾಡೆಲ್ ಬಲಗಡೆ ಸ್ಟೀರಿಂಗಿನಲ್ಲೂ ಕಾರ್ಖಾನೆಯಿಂದ ಬಂದಿತ್ತೇ? ಬಂದಿದ್ದರೆ ಬಿಚ್ಚಿ ಕೂರಿಸುವ ಕೆಲಸ. ಇಲ್ಲವಾದರೆ ಬಾಡಿ ಕತ್ತರಿಸಿ ವೆಲ್ಡ್ ಮಾಡಬೇಕು, ಅದಕ್ಕೆ ಕೈ ಹಾಕಬೇಡಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಎಂಜಿಬಿ ಎರಡೂ ಬಗೆಯಲ್ಲಿ ಬಂದ ಕಾರು. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಲ್ಲಿ ಪೆಡಲ್ ಬಾಕ್ಸಿಗೆ (ಬ್ರೇಕ್, ಕ್ಲಚ್ ಪೆಡಲುಗಳನ್ನು ಹಿಡಿದಿಡುವ ಪೆಟ್ಟಿಗೆ) ಎರಡು ಕಡೆಯೂ ಜಾಗವಿದೆ. ಬಳಸದ ಕಡೆಯದನ್ನು ತಗಡಿನ ಪ್ಲೇಟ್ ಹಾಕಿ ಮುಚ್ಚಿರುತ್ತಾರೆ.

ಕಾನೂನಿನ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 120ರ ಪ್ರಕಾರ ಸರಿಯಾದ ಇಂಡಿಕೇಟರ್ ಇದ್ದರೆ ಎಡಗಡೆ ಸ್ಟೀರಿಂಗಿನ ಗಾಡಿಯನ್ನೂ ಓಡಿಸಬಹುದು. ಬದಲಾವಣೆ ಕಡ್ಡಾಯವಲ್ಲ. 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕಿದ್ದರೆ ಚಾಸಿಸ್, ಬಾಡಿ ಶೆಲ್, ಎಂಜಿನ್ ಮಾರ್ಪಡಿಸಿರಬಾರದು ಎಂಬ ನಿಯಮ 2021ರಿಂದ ಇದೆ. ಹಾಗಾಗಿ ಹಾಸನದ ಕೆಎ 13 ಇರಲಿ, ಚಿಕ್ಕಮಗಳೂರಿನ ಕೆಎ 18 ಇರಲಿ, ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಲಿಖಿತ ಉತ್ತರ ಪಡೆಯಿರಿ.

ಸಾಮಾನುಗಳನ್ನೆಲ್ಲ ಒಟ್ಟುಗೂಡಿಸಿದ ಮೇಲೆಯೇ ಬಿಚ್ಚಲು ಶುರು ಮಾಡಿ. ಬಲಗಡೆ ಸ್ಟೀರಿಂಗ್ ರ್‍ಯಾಕ್ (ಮುಂಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು), ಅದಕ್ಕೆ ಹೊಂದುವ ಕಾಲಮ್ (ಸ್ಟೀರಿಂಗ್ ವೀಲಿನ ಕಂಬ), ಇವೆರಡನ್ನೂ ಸೇರಿಸುವ ಕೀಲಾದ ಹೊಸ ಯುನಿವರ್ಸಲ್ ಜಾಯಿಂಟ್, ಪೆಡಲ್ ಬಾಕ್ಸ್ ಮತ್ತು ಮಾಸ್ಟರ್ ಸಿಲಿಂಡರುಗಳು (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವಂಥವು), ಡ್ಯಾಶ್, ಆಕ್ಸಿಲರೇಟರ್ ಮತ್ತು ಸ್ಪೀಡೋಮೀಟರ್ ಕೇಬಲ್, ಬ್ರೇಕ್ ಪೈಪು, ರಬ್ಬರ್ ಗ್ರೋಮೆಟ್ಟು (ತಗಡಿನ ತೂತಿನ ಅಂಚಿಗೆ ಹಾಕುವ ಬಳೆ). ಡ್ಯಾಶ್ ವಿಷಯದಲ್ಲಿ ಹಲವರು ಎಡವುತ್ತಾರೆ: 1968ರಿಂದ ಅಮೆರಿಕಕ್ಕೆ ಹೋದ ಕಾರುಗಳ ಮೆತ್ತನೆಯ ದಪ್ಪ ಡ್ಯಾಶಿಗೆ ಬಲಗಡೆಯ ಜೋಡಿ ಇಲ್ಲ. ಇಂಗ್ಲೆಂಡಿನ ಕಾರಿನ ಉಕ್ಕಿನ ಡ್ಯಾಶನ್ನೇ ತರಿಸಬೇಕು. ಹಳೆಯದನ್ನು ಕತ್ತರಿಸಿ ಮಗುಚಿ ಕೂರಿಸಿದರೆ ಅದು ಎಂದೂ ಸರಿಹೋಗುವುದಿಲ್ಲ.

ಕೆಲಸದ ಜೀವಾಳ ರ್‍ಯಾಕ್. ಇರುವ ರ್‍ಯಾಕನ್ನೇ ತಲೆಕೆಳಗು ಮಾಡಿದರೆ ಅದನ್ನು ಸರಿಸುವ ಚಿಕ್ಕ ಹಲ್ಲುಚಕ್ರ, ಎಂದರೆ ಪಿನಿಯನ್, ಬಲಕ್ಕೆ ಬರುತ್ತದಲ್ಲ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಾಗೆ ಮಾಡಿದರೆ ಸ್ಟೀರಿಂಗ್ ವೀಲ್ ಬಲಕ್ಕೆ ತಿರುಗಿಸಿದಾಗ ಗಾಡಿ ಎಡಕ್ಕೆ ಹೋಗುತ್ತದೆ. ಕಾಲಮ್ ಎಡಕ್ಕೇ ಬಿಟ್ಟು ಚೈನ್ ಹಾಕಿ ಬಲಕ್ಕೆ ಎಳೆಯುವ ಉಪಾಯವೂ ಚಾಲ್ತಿಯಲ್ಲಿದೆ. ಚೈನ್ ಸವೆದಂತೆ ಸ್ಟೀರಿಂಗಿನಲ್ಲಿ ಆಟ ಬರುತ್ತದೆ, ಕಡಿದರೆ ಸ್ಟೀರಿಂಗೇ ಇಲ್ಲ. ಚಾರ್ಮಾಡಿಯ ತಿರುವಿಗೆ ಅಂಥ ಗಾಡಿ ಒಯ್ಯಬಾರದು. ಕಾಲಮನ್ನು ಕತ್ತರಿಸಿ ಬೆಸುಗೆ ಹಾಕುವುದೂ ಬೇಡ. ಡಿಕ್ಕಿಯಾದಾಗ ಮಡಚಿಕೊಳ್ಳುವಂತೆ ಮಾಡಿದ ಕಾಲಮ್ ಆಗಿದ್ದರೆ ಬೆಸುಗೆಯಿಂದ ಆ ಗುಣವೇ ಹೋಗುತ್ತದೆ.

ಕ್ರಾಸ್‌ಮೆಂಬರ್ (ಮುಂಚಕ್ರಗಳ ನಡುವಿನ ಅಡ್ಡ ತೊಲೆ) ಮೇಲಿನ ಬ್ರಾಕೆಟ್ಟುಗಳಿಗೆ ಹೊಸ ರ್‍ಯಾಕ್ ಒತ್ತಾಯವಿಲ್ಲದೆ ಕೂರುತ್ತದೆಯೇ ನೋಡಿ. ಕೂರದಿದ್ದರೆ ಕ್ರಾಸ್‌ಮೆಂಬರನ್ನೇ ಬದಲಿಸಿ, ಬ್ರಾಕೆಟ್ ಕೊಯ್ಯಬೇಡಿ. ರ್‍ಯಾಕ್ ಮತ್ತು ಕಾಲಮಿನ ಬೋಲ್ಟುಗಳನ್ನು ಸಡಿಲವಾಗಿಯೇ ಇಟ್ಟು ಜಾಯಿಂಟ್ ಸೇರಿಸಿ. ಕಾಲಮಿನ ಮಧ್ಯರೇಖೆಯೂ ಪಿನಿಯನ್ನಿನ ಮಧ್ಯರೇಖೆಯೂ ಜಾಯಿಂಟಿನ ನಟ್ಟನಡುವೆ ಕೂಡಬೇಕು. ರ್‍ಯಾಕಿನ ಕೆಳಗೆ ಸಂದು ಉಳಿದರೆ ಶಿಮ್ (ತೆಳು ತಗಡಿನ ತುಂಡು) ತುಂಬಿ. ಬೋಲ್ಟ್ ಬಿಗಿದು ಸಂದನ್ನು ಎಳೆದು ಮುಚ್ಚಿದರೆ ವೀಲ್ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಗಟ್ಟಿಯಾಗುತ್ತದೆ, ಜಾಯಿಂಟ್ ಬೇಗ ಸಾಯುತ್ತದೆ. ರ್‍ಯಾಕ್ ನಡುವಿನಲ್ಲಿ, ಸ್ಟೀರಿಂಗ್ ವೀಲ್ ನೇರ ಇದ್ದಾಗಲೇ ಜಾಯಿಂಟ್ ಸೇರಿಸಿ. ಅದರ ಬೋಲ್ಟು ಶಾಫ್ಟಿನ ಕಚ್ಚಿನೊಳಗೆ ಹಾದುಹೋಗಬೇಕು. ಬಿಗಿತ 27ರಿಂದ 30 ನ್ಯೂಟನ್ ಮೀಟರ್.

ಬ್ರೇಕಿನ ಕಡೆಗೆ ಬಂದರೆ, ಅಮೆರಿಕಕ್ಕೆ ಹೋದ ಕಾರಿನಲ್ಲಿ 1968ರಿಂದ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಇದೆ (ಒಂದು ಸೋರಿದರೂ ಇನ್ನೊಂದು ಬ್ರೇಕ್ ಹಿಡಿಯುತ್ತದೆ). ಅಗ್ಗಕ್ಕೆ ಸಿಗುತ್ತದೆಂದು ಒಂದೇ ಸರ್ಕ್ಯೂಟಿನ ಹಳೆಯ ಬಲಗಡೆ ಪೆಡಲ್ ಬಾಕ್ಸ್ ಹಾಕಿ ಹಿಂದಕ್ಕೆ ಹೋಗಬೇಡಿ, ಎರಡು ಸರ್ಕ್ಯೂಟಿನದನ್ನೇ ಹುಡುಕಿ. ಪೈಪು 3/16 ಇಂಚಿನದು. ಮಲೆನಾಡಿನ ಮಳೆಗೆ ಉಕ್ಕಿಗಿಂತ ತಾಮ್ರ-ನಿಕಲ್ ಪೈಪು ಬಾಳುತ್ತದೆ. ನಟ್ಟಿನ ಥ್ರೆಡ್ ಇಂಚಿನ ಅಳತೆಯ, ಒತ್ತೊತ್ತಾದ ಬಗೆಯದು: 3/8 ಇಂಚು ಯುಎನ್‌ಎಫ್. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 10 ಮಿಲಿಮೀಟರ್ ನಟ್ಟು ನೋಡಲು ಹಾಗೇ ಇದ್ದರೂ ಇದಕ್ಕೆ ಕೂರುವುದಿಲ್ಲ. 5/16 ಇಂಚಿನ ಬೋಲ್ಟಿನ ಜಾಗಕ್ಕೆ 8 ಮಿಲಿಮೀಟರಿನದನ್ನು ತಿರುಚುವುದು ಇನ್ನೂ ಅಪಾಯ: ದಪ್ಪ ಹೆಚ್ಚುಕಡಿಮೆ ಒಂದೇ, ಥ್ರೆಡ್ ಬೇರೆ, ಒಂದೆರಡು ಸುತ್ತು ಹೋಗಿ ಬಾಡಿಯಲ್ಲಿರುವ ನಟ್ಟನ್ನೇ ಕೆಡಿಸುತ್ತದೆ. ಬೋಲ್ಟುಗಳನ್ನು ಅವುಗಳದ್ದೇ ಡಬ್ಬಿಯಲ್ಲಿ ಚೀಟಿ ಅಂಟಿಸಿ ಇಡಿ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಚೆಲ್ಲಿದ ಕೂಡಲೇ ನೀರು ಹಾಕಿ ತೊಳೆಯಿರಿ.

ಎಡಗಡೆ ಖಾಲಿಯಾದ ತೂತಿಗೆ ಪ್ಲೇಟ್ ಹಾಕುವಾಗ ಸೀಲಂಟ್ ಧಾರಾಳವಾಗಿರಲಿ. ಇಲ್ಲದಿದ್ದರೆ ಜೂನ್ ತಿಂಗಳಲ್ಲೇ ಕಾರ್ಪೆಟ್ ಒದ್ದೆ, ಮುಂದಿನ ಮಳೆಗಾಲಕ್ಕೆ ನೆಲದ ತಗಡಿಗೆ ತುಕ್ಕು. ಈ ಎಂಜಿನ್ನಿನ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಎರಡೂ ಎಡಗಡೆ ಇರುವುದರಿಂದ ಕಾಲಮಿಗೆ ಎಕ್ಸಾಸ್ಟಿನ ಬಿಸಿ ತಪ್ಪುತ್ತದೆ. ಆದರೆ ಬಲಗಡೆಯ ಪೆಡಲಿನಿಂದ ಹೊರಟ ಆಕ್ಸಿಲರೇಟರ್ ಕೇಬಲ್ ಎಡಕ್ಕೆ ದಾಟಬೇಕು. ಅದು ಎಲ್ಲೂ ಚೂಪಾಗಿ ಮಡಚದಂತೆ, ಬಿಸಿ ಪೈಪಿಗೆ ತಾಗದಂತೆ ಕಟ್ಟಿ. ಹೆಡ್‌ಲೈಟ್ ಬದಲಿಸುವುದನ್ನು ಮರೆಯಬೇಡಿ: ಅಮೆರಿಕದ ದೀಪ ಡಿಪ್ ಮಾಡಿದಾಗ ಬಲಕ್ಕೆ, ಎಂದರೆ ಎದುರಿನವರ ಕಣ್ಣಿಗೆ, ಬೆಳಕು ಚೆಲ್ಲುತ್ತದೆ. ಇಲ್ಲಿ ಎಲ್ಲೆಡೆ ಸಿಗುವ 7 ಇಂಚಿನ ದುಂಡು ದೀಪವೇ ಇದಕ್ಕೆ ಆಗುತ್ತದೆ.

ಬ್ರೇಕಿನ ಗಾಳಿ ತೆಗೆಯುವಾಗ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಬಳಸಿ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ. ಮೊದಲು ಅದು ಹಿಂದಿನ ಬಲಚಕ್ರವಾಗಿತ್ತು, ಈಗ ಹಿಂದಿನ ಎಡಚಕ್ರ. ಮುಂಚಕ್ರಗಳ ಟೋ-ಇನ್ (ಅವುಗಳ ಮುಂದಿನ ಅಂಚು ಒಳಕ್ಕೆ ತಿರುಗಿರುವ ಅಳತೆ) 1.6ರಿಂದ 2.4 ಮಿಲಿಮೀಟರ್ ಇರಲಿ. ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಟ್ಟು ಸ್ಟೀರಿಂಗ್ ವೀಲನ್ನು ಎರಡೂ ಕೊನೆಯವರೆಗೆ ತಿರುಗಿಸಿ, ಬ್ರೇಕ್ ಹೋಸ್ ಟೈರಿಗೆ ಉಜ್ಜುತ್ತದೆಯೇ ನೋಡಿ.

ಮೊದಲ ಓಟಕ್ಕೆ ಕಾಫಿ ಕಣದಂಥ ಸಮತಟ್ಟು ಸಿಮೆಂಟ್ ನೆಲ ಒಳ್ಳೆಯದು. ನಡಿಗೆಯ ವೇಗದಲ್ಲಿ ಬ್ರೇಕ್ ಒತ್ತಿ, ಕಾರು ಒಂದು ಕಡೆಗೆ ಎಳೆಯುತ್ತದೆಯೇ ಗಮನಿಸಿ. ಆಮೇಲೆ ಹಾಸನ–ಬೇಲೂರು ರಸ್ತೆಯಲ್ಲಿ ಒಂದು ಬಾರಿ ಹೋಗಿಬಂದು ಜಾಯಿಂಟಿನ ಬೋಲ್ಟ್, ರ್‍ಯಾಕಿನ ಬೋಲ್ಟ್, ಪೈಪಿನ ಪ್ರತಿ ನಟ್ಟನ್ನೂ ಮತ್ತೆ ಪರೀಕ್ಷಿಸಿ. ಎಲ್ಲೂ ಒದ್ದೆಯಿಲ್ಲ, ಆಯಿಲ್ ಮಟ್ಟ ಇಳಿದಿಲ್ಲ ಎಂದರೆ ಮಾತ್ರ ಮುಳ್ಳಯ್ಯನಗಿರಿಯ ಏರಿಗೆ ಅಥವಾ ಶಿರಾಡಿಯ ಇಳಿಜಾರಿಗೆ ಕಾರು ಹೊರಡಿಸಿ.