ರಾತ್ರಿ ಎರಡು ಗಂಟೆಗೆ ಫೈಲ್ ತಾನಾಗಿಯೇ ಹೋಗಲಿ

ದಿನಾ ರಾತ್ರಿ ಲೆಕ್ಕದ ಫೈಲನ್ನು ಇನ್ನೊಂದು ಸರ್ವರ್‌ಗೆ ಕಳಿಸುವ ಕೆಲಸ ನಿಮ್ಮ ತಲೆ ಮೇಲಿದೆಯಾ? ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಒಪ್ಪಿಸಿಬಿಡಿ. ಹದಿನೈದು ಸಾಲು ಸಾಕು.

ಆದರೆ ಫೈಲ್ ಕಳಿಸುವ ಹಳೆಯ ವಿಧಾನವಾದ ಬರೀ ಎಫ್‌ಟಿಪಿ ಬೇಡ. ಅದರಲ್ಲಿ ಪಾಸ್‌ವರ್ಡ್ ಅಂಚೆ ಕಾರ್ಡಿನ ಬರಹದ ಹಾಗೆ ಬಯಲಲ್ಲೇ ಹೋಗುತ್ತದೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಹೀಗೇ ಪಾಸ್‌ವರ್ಡ್ ಕಳುವಾದವು. ಅದಾದ ಮೇಲೆಯೇ ಅಲ್ಲಿನ ತಾತು ಯುಲೋನೆನ್ ಎಸ್‌ಎಸ್‌ಎಚ್ ಬರೆದದ್ದು. ಎರಡು ಕಂಪ್ಯೂಟರ್‌ಗಳ ನಡುವಿನ ಮಾತನ್ನು ಗುಟ್ಟಾಗಿಡುವ ವ್ಯವಸ್ಥೆ ಅದು. ಫೈಲ್ ಕಳಿಸಲು ನಾವು ಬಳಸುವ ಎಸ್‌ಎಫ್‌ಟಿಪಿ ಅದರ ಮೇಲೆ ಓಡುತ್ತದೆ.

ಮೊದಲು ಪಾಸ್‌ವರ್ಡ್ ಬದಲು ಬಳಸುವ ಕೀ ಮಾಡಿಕೊಳ್ಳಿ. ಕೀ ತಯಾರಿಸುವ ಎಸ್‌ಎಸ್‌ಎಚ್-ಕೀಜೆನ್ ಕಮಾಂಡಿಗೆ ಇಡಿ25519 ಬಗೆಯ ಕೀ ಬೇಕೆಂದು ಹೇಳಿ. ಎರಡು ಫೈಲ್ ಬರುತ್ತವೆ. ಪಬ್ಲಿಕ್ ಕೀ ಆ ಕಡೆಯ ಸರ್ವರ್‌ಗೆ. ಪ್ರೈವೇಟ್ ಕೀ ನಿಮ್ಮಲ್ಲೇ, ಪರ್ಮಿಷನ್ 600, ಅಂದರೆ ಒಡೆಯನಷ್ಟೇ ಓದಿ ಬರೆಯಬಹುದು. ನಡುರಾತ್ರಿ ಕೀ ತೆರೆಯುವ ಪಾಸ್‌ಫ್ರೇಸ್ (ಗುಪ್ತಪದ) ಟೈಪ್ ಮಾಡಲು ಯಾರೂ ಇರುವುದಿಲ್ಲ, ಅಲ್ವಾ? ಹಾಗಾಗಿ ಈ ಕೀಗೆ ಅದು ಇರುವುದಿಲ್ಲ. ಅದಕ್ಕೇ ಆ ಸರ್ವರ್‌ನಲ್ಲಿ ಇದಕ್ಕೆಂದೇ ಬೇರೆ ಯೂಸರ್ ಕೇಳಿ. ಕ್ರೂಟ್ ಹಾಕಿ ಒಂದೇ ಫೋಲ್ಡರಿಗೆ ಕಟ್ಟಿ, ಕಮಾಂಡ್ ಓಡಿಸುವ ಶೆಲ್ ಸಿಗದಂತೆ ಇಂಟರ್ನಲ್-ಎಸ್‌ಎಫ್‌ಟಿಪಿ (ಫೈಲ್ ಸಾಗಿಸುವ ಸೌಲಭ್ಯ) ಮಾತ್ರ ಕೊಡಲಿ. ಕೀ ಕದ್ದರೂ ಕಳ್ಳ ಆ ಫೋಲ್ಡರ್ ದಾಟಲಾರ.

ಇನ್ನು ಎಲ್ಲರೂ ಎಡವುವ ಜಾಗ. ಸ್ಕ್ರಿಪ್ಟ್ ಓಡಿಸುವ ಯೂಸರ್ ಆಗಿಯೇ ಒಮ್ಮೆ ಕೈಯಾರೆ ಕನೆಕ್ಟ್ ಆಗಿ. ಸರ್ವರ್‌ನ ಫಿಂಗರ್‌ಪ್ರಿಂಟ್ (ಅದರ ಗುರುತಿನ ಅಕ್ಷರಸಾಲು) ತೋರಿಸಿ "ಹೌದಾ?" ಎಂದು ಕೇಳುತ್ತದೆ. ಸುಮ್ನೆ ಯೆಸ್ ಒತ್ತಬೇಡಿ. ಆ ಕಡೆಯವರಿಗೆ ಫೋನ್ ಮಾಡಿ, ಅಕ್ಷರಕ್ಕೆ ಅಕ್ಷರ ಓದಿಸಿ ತಾಳೆ ನೋಡಿ. ಕಿರಿಕಿರಿ ಎಂದು ಈ ತಪಾಸಣೆಯನ್ನೇ ಆಫ್ ಮಾಡುವವರಿದ್ದಾರೆ. ಆಗ ನಡುವೆ ಯಾರೋ ಸರ್ವರ್ ವೇಷದಲ್ಲಿ ಕೂತರೂ ಫೈಲ್ ಅವರ ಕೈಗೇ ಹೋಗುತ್ತದೆ.

ಈಗ ಸ್ಕ್ರಿಪ್ಟ್. ಪರ್ಲ್ ಮಾಡ್ಯೂಲ್‌ಗಳ ಭಂಡಾರವಾದ ಸಿಪ್ಯಾನ್‌ನಿಂದ ನೆಟ್::ಎಸ್‌ಎಫ್‌ಟಿಪಿ::ಫಾರಿನ್ ಮಾಡ್ಯೂಲ್ ಹಾಕಿಕೊಳ್ಳಿ. ಹೋಸ್ಟ್, ಯೂಸರ್, ಕೀ ಫೈಲಿನ ದಾರಿ ಕೊಡಿ. ಆಟೋಡೈ 1 ಇರಲಿ, ತಪ್ಪಾದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಬ್ಯಾಚ್‌ಮೋಡ್ ಯೆಸ್ ಎಂದರೆ ಪಾಸ್‌ವರ್ಡ್‌ಗಾಗಿ ಕಾಯುತ್ತಾ ಕೂರುವುದಿಲ್ಲ. ಆಮೇಲೆ ಫೈಲ್ ಕಳಿಸುವ ಪುಟ್, ಜೊತೆಗೆ ಅಟಾಮಿಕ್ 1. ಈ ಪುಟ್ಟ ಪದ ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಫೈಲ್ ಅರ್ಧ ಹೋಗಿದ್ದಾಗಲೇ ಆ ಕಡೆಯ ಪ್ರೋಗ್ರಾಂ ಅದನ್ನು ಎತ್ತಿಕೊಂಡಿತು. ಅರ್ಧ ಲೆಕ್ಕವೇ ಪೂರ್ತಿ ಲೆಕ್ಕ ಎಂದು ದಾಖಲಾಯಿತು. ಅಟಾಮಿಕ್ ಇದ್ದರೆ ಫೈಲ್ ಬೇರೆ ಹೆಸರಲ್ಲಿ ಹೋಗಿ, ಪೂರ್ತಿ ಮುಟ್ಟಿದ ಮೇಲಷ್ಟೇ ನಿಜವಾದ ಹೆಸರು ಪಡೆಯುತ್ತದೆ.

ಕೊನೆಗೆ ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ಟ್ಯಾಬ್: 0 2 * * *, ಅಂದರೆ ದಿನಾ ರಾತ್ರಿ ಎರಡಕ್ಕೆ. ಪರ್ಲ್, ಸ್ಕ್ರಿಪ್ಟ್ ಎರಡಕ್ಕೂ ಪೂರ್ತಿ ಪಾತ್ ಬರೆಯಿರಿ. ಔಟ್‌ಪುಟ್, ಎರರ್ ಎರಡೂ ಲಾಗ್‌ಗೆ ಹೋಗಲಿ. ಮೊದಲ ವಾರ ದಿನಾ ಬೆಳಿಗ್ಗೆ ಲಾಗ್ ತೆರೆದು, ಎರಡೂ ಕಡೆ ಫೈಲ್ ಸೈಜ್ ಒಂದೇ ಇದೆಯಾ ಎಂದು ನೋಡಿಕೊಳ್ಳಿ.