ಹಳೆಯ ಪೇಟೆಯಲ್ಲಿ ಬಾವುಟಗಳ ಸಮಾವೇಶ ನಡೆಸುವುದು ಹೇಗೆ?

ಬಾವುಟಗಳ ಚರಿತ್ರೆ, ಬಣ್ಣ, ಅಳತೆಗಳನ್ನು ಅಭ್ಯಾಸ ಮಾಡುವವರ ಮೊದಲ ಅಂತರರಾಷ್ಟ್ರೀಯ ಸಮಾವೇಶ 1965ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆಯಿತು. ಅಂಥದ್ದನ್ನು ಐವತ್ತು-ಅರವತ್ತು ಆಸಕ್ತರಿಗಾಗಿ ಮೈಸೂರಿನ ದೊಡ್ಡ ಗಡಿಯಾರದ ಸುತ್ತಲಿನ ಹಳೆಯ ಪೇಟೆಯಲ್ಲಿ ಏರ್ಪಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಸಭಾಂಗಣದ ಬಾಡಿಗೆಯನ್ನು. ಅದಕ್ಕೂ ಮೊದಲು ಯಾವ ಬಾವುಟ ಎಲ್ಲಿ ನಿಲ್ಲಬೇಕೆಂಬುದನ್ನು ಕಾಗದದ ಮೇಲೆ ಗೆರೆ ಎಳೆದು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಏಕೆಂದರೆ 2002ರ ಭಾರತದ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲಿ ಅದರ ಪಕ್ಕದಲ್ಲಾಗಲಿ ಬೇರೆ ಬಾವುಟ ಇರಕೂಡದು. ಅನ್ಯ ದೇಶಗಳ ರಾಷ್ಟ್ರಧ್ವಜಗಳಿಗೆ ಮಾತ್ರ ಪ್ರತ್ಯೇಕ ನಿಯಮವಿದೆ. ಆದ್ದರಿಂದ ಹಳದಿ-ಕೆಂಪು ಕನ್ನಡ ಬಾವುಟ, ಗಂಡಭೇರುಂಡದ ಲಾಂಛನವಿರುವ ಬಾವುಟಗಳು, ಕ್ರೀಡಾ ಸಂಘಗಳ ಪತಾಕೆಗಳಿಗೆ ಒಂದು ಅಂಗಳ, ರಾಷ್ಟ್ರಧ್ವಜಗಳ ಸಾಲಿಗೆ ಇನ್ನೊಂದು ಅಂಗಳ, ಹೀಗೆ ಎರಡು ಜಾಗ ಬೇಕಾಗುತ್ತದೆ.

ರಾಷ್ಟ್ರಧ್ವಜಗಳ ಸಾಲಿನಲ್ಲಿ ನಮ್ಮ ಧ್ವಜವು ಬಲತುದಿಯಲ್ಲಿರಬೇಕು. ಇಲ್ಲಿ ಬಹಳ ಮಂದಿ ತಪ್ಪುತ್ತಾರೆ. ಸಾಲಿನ ನಡುವೆ ಸಭಿಕರತ್ತ ಮುಖ ಮಾಡಿ ನಿಂತವನ ಬಲಗೈ ಕಡೆ ಎಂದು ಇದರ ಅರ್ಥ, ಅಂದರೆ ನೋಡುಗರಿಗೆ ಅದು ಎಡತುದಿ. ಅಲ್ಲಿಂದ ಮುಂದೆ ದೇಶಗಳ ಇಂಗ್ಲಿಷ್ ಹೆಸರುಗಳ ಅಕಾರಾದಿಯಲ್ಲಿ ಉಳಿದವು ಬರುತ್ತವೆ. ಪ್ರತಿಯೊಂದಕ್ಕೂ ಬೇರೆ ಕಂಬವಿರಬೇಕು, ಅಳತೆ ಹೆಚ್ಚುಕಡಿಮೆ ಒಂದೇ ಆಗಿರಬೇಕು. 1350 × 900 ಮಿ.ಮೀ. ಅಳತೆ ಪೇಟೆಯ ಅಂಗಳಕ್ಕೆ ಒಪ್ಪುತ್ತದೆ. ಆದರೆ ಸ್ವಿಟ್ಜರ್ಲೆಂಡಿನದು ಚೌಕ, ನೇಪಾಳದ್ದು ಎರಡು ತ್ರಿಕೋನ. ಇವುಗಳಿಗೆ ಎತ್ತರವನ್ನು ಸಮ ಮಾಡಿಕೊಂಡರೆ ಸಾಕು.

ಜಾಗದ ವಿಷಯಕ್ಕೆ ಬಂದರೆ, 1884ರ ರಂಗಾಚಾರ್ಲು ಪುರಭವನ ಸಭೆಗೂ ಅದರ ಆವರಣ ಕಂಬಗಳಿಗೂ ಹೊಂದುತ್ತದೆ. ಮಹಾನಗರ ಪಾಲಿಕೆಯ ಅನುಮತಿಯ ಜೊತೆಗೆ ಪೊಲೀಸರ ಅನುಮತಿಯನ್ನೂ ಮುಂಚಿತವಾಗಿ ಪಡೆಯಬೇಕು. ಹಳೆಯ ಗೋಡೆಗೆ ಮೊಳೆ ಹೊಡೆಯುವುದು, ಬಾಲ್ಕನಿಗೆ ಹಗ್ಗ ಬಿಗಿಯುವುದು ಖಂಡಿತ ಬೇಡ. ಗಾಳಿ ತುಂಬಿದ ಬಾವುಟ ಗಾರೆಯ ಗೋಡೆಯನ್ನು ಎಳೆಯುವ ಬಲ ಸಣ್ಣದಲ್ಲ, ಮತ್ತು ಈ ಪೇಟೆ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗವನ್ನೂ 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರವನ್ನೂ ಕಳೆದುಕೊಂಡಿದೆ. ಕಂಬಗಳು ಕಾಂಕ್ರೀಟ್ ತುಂಬಿದ ಸ್ವಂತ ಬುಡದ ಮೇಲೆಯೇ ನಿಲ್ಲಲಿ.

ದಿನಾಂಕಕ್ಕೆ ಫೆಬ್ರುವರಿ ಅನುಕೂಲ. ದಸರೆಯಲ್ಲಿ ಕೊಠಡಿ ಸಿಗುವುದು ಕಷ್ಟ, ಮಳೆಗಾಲದಲ್ಲಿ ನೆನೆದ ಬಟ್ಟೆ ಕಂಬಕ್ಕೆ ಅಂಟಿಕೊಂಡು ನೋಡುವವರಿಗೆ ಏನೂ ಕಾಣುವುದಿಲ್ಲ.

ತ್ರಿವರ್ಣ ಧ್ವಜವನ್ನು ಹುಬ್ಬಳ್ಳಿಯ ಬೆಂಗೇರಿಯ ಖಾದಿ ಘಟಕದಿಂದ ತರಿಸಿಕೊಳ್ಳಿ. 2021ರ ಡಿಸೆಂಬರಿನ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶವಿದೆಯಾದರೂ ಬಟ್ಟೆಯ ನೇಯ್ಗೆಯನ್ನು ಬೆರಳಲ್ಲಿ ಮುಟ್ಟಿ ನೋಡುವ ಜನರ ಮುಂದೆ ಅದು ಸಪ್ಪೆ.

ಹಿಂದಿನ ಸಂಜೆ ಒಮ್ಮೆ ಪೂರ್ತಿ ಅಭ್ಯಾಸ ನಡೆಯಲಿ. ಒಬ್ಬರು ಕಟ್ಟಬೇಕು, ಕೇಸರಿ ಪಟ್ಟಿಯ ತುದಿ ಮೇಲಿನ ಕೊಂಡಿಗೆ ಸೇರಿದೆಯೇ ಎಂದು ಇನ್ನೊಬ್ಬರು ನೋಡಬೇಕು. ಹೂವಿನ ಎಸಳು ಹಾಕಿ ಮಡಿಸುವುದಾದರೆ, ಅದಕ್ಕೆ ಸಂಹಿತೆಯ ಆಕ್ಷೇಪವಿಲ್ಲ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕಿ. ಎರಡು ಸುತ್ತು ಬಿಗಿದ ಗಂಟು ಮುಖ್ಯ ಅತಿಥಿಯ ಕೈಯಲ್ಲಿ ಬಿಚ್ಚುವುದಿಲ್ಲ. ಪೋಲೆಂಡಿನದು ಬಿಳಿಯ ಕೆಳಗೆ ಕೆಂಪು, ಇಂಡೋನೇಷ್ಯಾದ್ದು ಕೆಂಪಿನ ಕೆಳಗೆ ಬಿಳಿ. ತಲೆಕೆಳಗಾದರೆ ದೇಶವೇ ಬದಲಾಗುವ ಇಂಥವುಗಳ ಕೊಂಡಿಗೆ ಮೊದಲೇ ಹೆಸರುಚೀಟಿ ಕಟ್ಟಿಡಿ.

ಉಪನ್ಯಾಸಗಳು ತಲಾ ಇಪ್ಪತ್ತು ನಿಮಿಷ ಮೀರದಿರಲಿ. ಬಂದವರಿಗೆ ನಿಜವಾದ ಹಬ್ಬ ಬಾವುಟ ವಿನಿಮಯದ ಮೇಜಿನ ಬಳಿಯೇ. ಎರಡನೆಯ ದಿನ ಮದ್ದೂರಿನ ಶಿವಪುರಕ್ಕೆ ಹೋಗಿಬನ್ನಿ. 1938ರ ಏಪ್ರಿಲ್ 11ರಂದು ಮೈಸೂರು ಕಾಂಗ್ರೆಸ್ಸಿನ ಅಧಿವೇಶನದಲ್ಲಿ ನಿಷೇಧವನ್ನು ಧಿಕ್ಕರಿಸಿ ಧ್ವಜವೇರಿಸಿದ ಜಾಗವದು. ಎರಡೇ ವಾರಗಳಲ್ಲಿ, ಅದೇ ತಿಂಗಳ 25ರಂದು, ವಿದುರಾಶ್ವತ್ಥದಲ್ಲಿ ಧ್ವಜವೇರಿಸಲು ಸೇರಿದ್ದ ಜನರ ಮೇಲೆ ಪೊಲೀಸರ ಗುಂಡು ಹಾರಿತು. ಬಾವುಟವನ್ನು ಕೇವಲ ವಿನ್ಯಾಸವೆಂದು ನೋಡುವ ಹೊರಗಿನವರಿಗೆ ಈ ಭೇಟಿ ಮುಖ್ಯ.

ಕೊನೆಯ ಸಂಜೆ ಉಳಿದವೆಲ್ಲ ಇಳಿದ ಮೇಲೆ, ಮೊದಲು ಏರಿದ ನಮ್ಮ ಧ್ವಜವನ್ನು ಕೊನೆಗೆ ಇಳಿಸಬೇಕು. ಅಡ್ಡಲಾಗಿ ಹಿಡಿದು ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಿಸಿ, ಎರಡೂ ಕಡೆಯಿಂದ ಒಳಕ್ಕೆ ತಂದಾಗ ಚಕ್ರದೊಡನೆ ಕೇಸರಿ, ಹಸಿರಿನ ಅಂಚಷ್ಟೇ ಕಾಣಬೇಕು. ಆ ಮಡಿಕೆಯನ್ನು ಎರಡೂ ಅಂಗೈಗಳ ಮೇಲಿಟ್ಟು ಒಳಗೆ ಒಯ್ಯುವುದು.